ಎರಡು ಅಂತ ಬರ್ಕೊಳ್ತೀವಿ ಬಿಡಿ

“ಮಗೂಗೆ ಎಷ್ಟು ವರ್ಷ ಸರ್?”
“ಒಂದು ವರ್ಷ ಹತ್ತು ತಿಂಗಳು ಮೇಡಂ.”
“ಪರವಾಗಿಲ್ಲ, ಎರಡು ಅಂತ ಬರ್ಕೊಳ್ತೀವಿ ಬಿಡಿ.”

ಯಡಿಯೂರು ಕೆರೆಗೆ ಹತ್ತಿರದ ಒಂದು ಪ್ಲೇ ಹೋಮ್‌ನಲ್ಲಿ ನಡೆದ ಮಾತುಕತೆ ಇದು. ಮಗುವನ್ನು ಎತ್ತಿಕೊಂಡು ಹೋಗಿದ್ದವನು ನಮ್ಮ ಬಳಗದ ಗೆಳೆಯ. ಅವನ ಹೆಂಡತಿ ಮತ್ತೆ ಕೆಲಸಕ್ಕೆ ಹೊರಟಿದ್ದಳು, ಮಗುವನ್ನು ಎಲ್ಲಾದರೂ ಬಿಡಲೇಬೇಕಿತ್ತು. ಆ ಮೇಡಂ ಒಳ್ಳೆಯ ಮನಸ್ಸಿನಿಂದಲೇ ಹಾಗೆ ಹೇಳಿದ್ದು. ಆದರೂ ಅವನಿಗೆ ಆ ಮಾತು ಸರಿ ಕಾಣಲಿಲ್ಲ. ಅರ್ಜಿ ತುಂಬದೆ ವಾಪಸ್ ಬಂದ. ಆ ಸಂಜೆ ನಮ್ಮೆಲ್ಲರಿಗೂ ಅದೇ ಮಾತು. ನಾವು ಗ್ರಾಮೀಣ ಪತ್ರಿಕೋದ್ಯಮ ಓದಿದವರು. ಒಂದು ವಿಷಯ ಹೊಳೆದರೆ ನಾಲ್ಕು ಬಾಗಿಲು ತಟ್ಟಿ ಕೇಳಿಬರಬೇಕು ಎಂದು ಕಲಿತವರು. ಹಾಗಾಗಿ ಎರಡು ವಾರ ಬಿಡುವಾದಾಗಲೆಲ್ಲ ಯಡಿಯೂರು, ಸೌತ್ ಎಂಡ್ ಸರ್ಕಲ್, ಜಯನಗರದ ಬೀದಿಗಳಲ್ಲಿ ಸುತ್ತಿ ಇಂಥ ಮನೆಗಳ ಬಾಗಿಲು ತಟ್ಟಿದೆವು.

ಎಲ್ಲ ಕಡೆಯೂ ಮೂರೇ ಪ್ರಶ್ನೆ ಕೇಳಿದೆವು. ಎಷ್ಟು ವಯಸ್ಸಿನಿಂದ ಸೇರಿಸಿಕೊಳ್ಳುತ್ತೀರಿ? ಒಬ್ಬ ಆಯಾ ಎಷ್ಟು ಮಕ್ಕಳನ್ನು ನೋಡಿಕೊಳ್ಳುತ್ತಾರೆ? ಪರವಾನಗಿ ಯಾರು ಕೊಟ್ಟಿದ್ದು? ಮೊದಲ ಪ್ರಶ್ನೆಗೆ ಒಂದೊಂದು ಕಡೆ ಒಂದೊಂದು ಉತ್ತರ. ಒಂದೂವರೆ ವರ್ಷ ಎಂದರು ಒಬ್ಬರು, “ನಡೆಯೋಕೆ ಬಂದರೆ ಸಾಕು” ಎಂದರು ಇನ್ನೊಬ್ಬರು, “ಡೈಪರ್ ಬಿಟ್ಟಿರಬೇಕು” ಎಂದರು ಮತ್ತೊಬ್ಬರು. ಎರಡನೆಯದಕ್ಕೆ “ನಾವೆಲ್ಲ ಇರ್ತೀವಲ್ಲ ಸರ್” ಎಂಬ ನಗು. ಮೂರನೆಯ ಪ್ರಶ್ನೆಗೆ ಕೆಲವರು ಟ್ರೇಡ್ ಲೈಸೆನ್ಸ್ ತೋರಿಸಿದರು, ಕೆಲವರು ಫ್ರಾಂಚೈಸಿ ಕೊಟ್ಟ ಸರ್ಟಿಫಿಕೇಟ್ ತೋರಿಸಿದರು. ಪುಟ್ಟ ಮಕ್ಕಳನ್ನು ನೋಡಿಕೊಳ್ಳಲೆಂದೇ ಕೊಟ್ಟ ಪರವಾನಗಿಯನ್ನು ಮಾತ್ರ ನಾವು ಹೋದ ಯಾವ ಮನೆಯವರೂ ತೋರಿಸಲಿಲ್ಲ.

ಈಗ ಇದನ್ನು ಒಂದನೇ ತರಗತಿಯ ಜೊತೆ ಇಟ್ಟು ನೋಡಿ. ಜೂನ್ 1ಕ್ಕೆ ಮಗುವಿಗೆ 6 ವರ್ಷ ತುಂಬಿರಲೇಬೇಕು ಎಂದು 2022ರ ಜುಲೈನಲ್ಲಿ ಶಿಕ್ಷಣ ಇಲಾಖೆ ಆದೇಶ ಹೊರಡಿಸಿತು. ಪೋಷಕರು ಗಲಾಟೆ ಮಾಡಿದರು. ನಿಯಮದ ಜಾರಿ 2025-26ಕ್ಕೆ ಮುಂದಕ್ಕೆ ಹೋಯಿತು. ಆ ವರ್ಷ ಬಂದಾಗ ಮತ್ತೆ ಮನವಿಗಳು ಬಂದವು, ಮತ್ತೆ ಚರ್ಚೆ ನಡೆಯಿತು. ಕೊನೆಗೆ 2025ರ ಏಪ್ರಿಲ್‌ನಲ್ಲಿ, ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳಾಗಿದ್ದರೂ ಸಾಕು ಎಂದು ಸಚಿವ ಮಧು ಬಂಗಾರಪ್ಪ ಪ್ರಕಟಿಸಿದರು. ಜೂನ್ 2ರಂದು ಹುಟ್ಟಿದ ಮಗುವಿನ ಗತಿಯೇನು ಎಂದು ಟಿವಿಯವರು ದಿನಗಟ್ಟಲೆ ಕೇಳಿದರು. ಆ ಚರ್ಚೆ ಬೇಡವಾಗಿತ್ತು ಎಂದು ನಾವು ಹೇಳುತ್ತಿಲ್ಲ. ನಮ್ಮ ಪ್ರಶ್ನೆ ಬೇರೆ. ಆರು ವರ್ಷದ ಮಗುವಿನ ವಿಷಯದಲ್ಲಿ ಒಂದೊಂದು ದಿನವನ್ನೂ ಲೆಕ್ಕ ಹಾಕುವ ನಾವು, ಎರಡು ವರ್ಷದ ಮಗುವಿನ ವಿಷಯದಲ್ಲಿ ಎರಡು ತಿಂಗಳನ್ನು “ಬರ್ಕೊಳ್ತೀವಿ ಬಿಡಿ” ಎಂದು ಹಾರಿಸಿಬಿಡುವುದು ಹೇಗೆ?

ಆ ವಯಸ್ಸಿನಲ್ಲಿ ಎರಡು ತಿಂಗಳು ಎಷ್ಟು ದೊಡ್ಡದು ಎಂಬುದು ಮಗು ಸಾಕಿದ ಎಲ್ಲರಿಗೂ ಗೊತ್ತು. ಐದೂವರೆ ವರ್ಷದ ಹುಡುಗಿ ತರಗತಿಯಲ್ಲಿ ಸ್ವಲ್ಪ ಹಿಂದೆ ಬಿದ್ದರೂ ಮನೆಗೆ ಬಂದು “ಮಿಸ್ ಬೈದ್ರು” ಎಂದು ಹೇಳುತ್ತಾಳೆ. ಒಂದು ಮುಕ್ಕಾಲು ವರ್ಷದ ಮಗು ಏನು ಹೇಳೀತು? ಹಸಿವಾದರೂ ಅಳು, ಹೊಟ್ಟೆನೋವಾದರೂ ಅಳು, ಯಾರಾದರೂ ಕಚ್ಚಿದರೂ ಅಳು. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸದು. ನಾಲ್ಕು ವರ್ಷದವನು ತಿಂದು ಬೀಳಿಸಿದ ಕಡಲೆಬೀಜ ಒಂದೂವರೆ ವರ್ಷದವಳ ಗಂಟಲಿಗೆ ಕಂಟಕವಾಗಬಹುದು. ದೊಡ್ಡ ಮಕ್ಕಳು ಓಡಿಬಂದು ಬಿದ್ದರೆ ಈಗಷ್ಟೇ ನಡೆಯಲು ಕಲಿತ ಮಗುವಿಗೆ ಪಕ್ಕಕ್ಕೆ ಸರಿಯಲು ಬರುವುದಿಲ್ಲ. ಒಬ್ಬರಿಗೆ ಹನ್ನೊಂದು ಗಂಟೆಗೇ ನಿದ್ದೆ ಬೇಕು, ಇನ್ನೊಬ್ಬರಿಗೆ ಮಧ್ಯಾಹ್ನವೂ ಬೇಡ. ವಯಸ್ಸಿನ ನಿಯಮ ಹುಟ್ಟುವುದೇ ಇಂಥ ಸಣ್ಣ ಸಣ್ಣ ಸಂಗತಿಗಳಿಂದ.

ನಿಯಮ ಇಲ್ಲವೇ ಇಲ್ಲ ಎಂದೇನೂ ಅಲ್ಲ. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿಯು, ಮೂರು ವರ್ಷದೊಳಗಿನ 10 ಮಕ್ಕಳಿಗೆ ಒಬ್ಬರು, ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು ದೊಡ್ಡವರು ಇರಬೇಕು ಎನ್ನುತ್ತದೆ. ಆಮೇಲೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಖಾಸಗಿ ಪ್ಲೇ ಸ್ಕೂಲ್‌ಗಳಿಗೆ ಮಾರ್ಗಸೂಚಿ ಮಾಡಿತು. ಅದರ ಪ್ರಕಾರ ಮೂರು ವರ್ಷ ತುಂಬದ ಮಗುವನ್ನು ಪ್ಲೇ ಸ್ಕೂಲಿಗೆ ಸೇರಿಸಿಕೊಳ್ಳುವ ಹಾಗೇ ಇಲ್ಲ. ಓದಲು ಚೆನ್ನಾಗಿದೆ. ಆದರೆ ಮೂರು ತುಂಬದ ಮಕ್ಕಳು ಎಲ್ಲಿಗೂ ಹೋಗಲಿಲ್ಲ, ಅದೇ ಬಣ್ಣಬಣ್ಣದ ಗೋಡೆಗಳ ಹಿಂದೆಯೇ ಇದ್ದಾರೆ. ಬೋರ್ಡಿನಲ್ಲಿ ಪ್ಲೇ ಹೋಮ್ ಎಂಬುದರ ಕೆಳಗೆ ಸಣ್ಣ ಅಕ್ಷರದಲ್ಲಿ ಡೇ ಕೇರ್ ಎಂದು ಸೇರಿಕೊಂಡಿದೆ, ಅಷ್ಟೇ. ಬರಬಾರದು ಎಂದು ಬರೆದಿಟ್ಟರೆ ಮಕ್ಕಳು ಬರುವುದು ನಿಲ್ಲುವುದಿಲ್ಲ. ಲೆಕ್ಕಕ್ಕೆ ಸಿಗುವುದು ನಿಲ್ಲುತ್ತದೆ.

ಯಾಕೆ ಬರುತ್ತಾರೆ ಎಂಬುದಕ್ಕೂ ಕಾನೂನಿನಲ್ಲೇ ಉತ್ತರವಿದೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರಬಹುದು ಎಂದಾಯಿತು. ಅಂದರೆ ಮಗುವಿಗೆ ಸುಮಾರು ಆರು ತಿಂಗಳಾದಾಗ ರಜೆ ಮುಗಿಯುತ್ತದೆ. ಇನ್ನೊಂದು ತುದಿಯಲ್ಲಿ ಅಂಗನವಾಡಿ ಇದೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಕಣ್ಣುಬಿಟ್ಟಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ನಮ್ಮಲ್ಲಿ ಬಹಳಷ್ಟು ಮಂದಿ ಅಂಗನವಾಡಿಯ ಉಪ್ಪಿಟ್ಟು ತಿಂದೇ ಬೆಳೆದವರು. ಆದರೆ ಅಲ್ಲಿ ಮಗುವನ್ನು ಕೂರಿಸಿಕೊಂಡು ಕಲಿಸುವುದು ಮೂರು ವರ್ಷ ತುಂಬಿದ ಮೇಲೆ. ಅದಕ್ಕೂ ಚಿಕ್ಕವರಿಗೆ ಮನೆಗೆ ಒಯ್ಯಲು ಪೌಷ್ಟಿಕ ಆಹಾರದ ಪೊಟ್ಟಣ ಸಿಗುತ್ತದೆ, ತೂಕ ನೋಡುತ್ತಾರೆ, ಲಸಿಕೆ ನೆನಪಿಸುತ್ತಾರೆ. ಇಟ್ಟುಕೊಂಡು ನೋಡಿಕೊಳ್ಳುವುದಿಲ್ಲ.

ರಜೆ ಮುಗಿಯುವುದು ಆರು ತಿಂಗಳಿಗೆ, ಅಂಗನವಾಡಿಯ ಬಾಗಿಲು ತೆರೆಯುವುದು ಮೂರು ವರ್ಷಕ್ಕೆ. ನಡುವಿನ ಎರಡೂವರೆ ವರ್ಷ ಮಗು ಎಲ್ಲಿರಬೇಕು?

ಈ ಪ್ರಶ್ನೆಯನ್ನು ನಮಗಿಂತ ನೇರವಾಗಿ ಕೇಳಿದವರು ನಾವು ಬಾಡಿಗೆಗಿರುವ ಬೀದಿಯಲ್ಲಿ ಐದು ಮನೆಗಳ ಕೆಲಸ ಮಾಡುವ ಒಬ್ಬ ಅಕ್ಕ. ಯಾದಗಿರಿ ಕಡೆಯವರು. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾರೆ. “ಎಲ್ಲಿ ಬಿಡ್ಲಿ ಹೇಳ್ರಿ ಅಣ್ಣಾರ? ಅಂಗನವಾಡ್ಯಾಗ ಮೂರು ತುಂಬಲಿ ಅಂತಾರ. ಈ ಪ್ಲೇ ಹೋಮಿನ ಫೀಸು ನಮ್ಮ ಮನಿ ಬಾಡಿಗಿಗಿಂತ ಜಾಸ್ತಿ ಐತ್ರಿ.” ಅವರ ಚಿಕ್ಕ ಮಗನಿಗೆ ಈಗ ಎರಡು ವರ್ಷ. ಅವನನ್ನು ನೋಡಿಕೊಳ್ಳುವುದು ಒಂಬತ್ತು ವರ್ಷದ ಅಕ್ಕ. ಅವಳ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿದೆ, ಅವಳು ಮಾತ್ರ ವಾರದಲ್ಲಿ ಎರಡು ಮೂರು ದಿನ ಮನೆಯಲ್ಲೇ. ತಮ್ಮನಿಗೆ ಒಂದು ಜಾಗ ಇಲ್ಲದ್ದಕ್ಕೆ ಅಕ್ಕನ ಪಾಠ ಹೋಗುತ್ತಿದೆ. ಹೆರಿಗೆ ರಜೆಯಾಗಲಿ, 50 ಜನರ ಲೆಕ್ಕವಾಗಲಿ ಆ ತಾಯಿಯ ಬದುಕಿನ ಹತ್ತಿರವೂ ಸುಳಿಯುವುದಿಲ್ಲ. ಕಾರ್ಖಾನೆಯಲ್ಲಾದರೆ 30ಕ್ಕಿಂತ ಹೆಚ್ಚು ಹೆಂಗಸರಿದ್ದರೆ, ಕಟ್ಟಡದ ಕೆಲಸದಲ್ಲಾದರೆ 50ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಮಕ್ಕಳಿಗೊಂದು ಕೋಣೆ ಕೊಡಬೇಕು ಎಂದು 1948ರ ಮತ್ತು 1996ರ ಕಾಯ್ದೆಗಳು ಹೇಳಿದ್ದವು. ಐದು ಮನೆಯಲ್ಲಿ ಪಾತ್ರೆ ತೊಳೆಯುವವರನ್ನು ಯಾವ ಸಂಸ್ಥೆಯ ಲೆಕ್ಕಕ್ಕೆ ಹಿಡಿಯುವುದು?

ಹಳ್ಳಿಯಿಂದ ಬಂದ ನಮಗೆ ಇಲ್ಲಿ ಒಂದು ವಿಚಿತ್ರ ಕಾಣುತ್ತದೆ. 2023-24ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಹೇಳಿತು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಜಾಗ ಅದು. ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ಕೆಲಸಕ್ಕೆ ಹಚ್ಚಿದರು. ಎಲ್ಲ ಕಡೆಯೂ ಒಂದೇ ರೀತಿ ಚೆನ್ನಾಗಿ ನಡೆಯುತ್ತಿದೆ ಎಂದು ನಾವು ಹೇಳಲಾರೆವು. ಆದರೂ ಮೂರು ತುಂಬದ ಕೂಸಿಗೊಂದು ಜಾಗ ಬೇಕು ಎಂದು ಸರ್ಕಾರ ಒಪ್ಪಿಕೊಂಡಂತಾಯಿತಲ್ಲ. ಯಾದಗಿರಿಯ ಆ ಅಕ್ಕ ಊರಲ್ಲೇ ಉಳಿದಿದ್ದರೆ ಅವರ ಮಗ ಕೂಸಿನ ಮನೆಯ ಲೆಕ್ಕಕ್ಕೆ ಬರುತ್ತಿದ್ದ. ದುಡಿಯಲು ಬೆಂಗಳೂರಿಗೆ ಬಂದದ್ದಕ್ಕೆ ಆ ಲೆಕ್ಕದಿಂದ ಬಿಟ್ಟುಹೋದ.

ಹಾಗಾದರೆ ಏನು ಮಾಡಬೇಕು? ನಾಳೆಯೇ ಎಲ್ಲ ಡೇ ಕೇರ್‌ಗಳಿಗೆ ಬೀಗ ಹಾಕಿ ಎನ್ನುವ ಗುಂಪಿನವರಲ್ಲ ನಾವು. ಅಂಥ ಕೋಪಕ್ಕೆ ಮೊದಲು ಬಲಿಯಾಗುವುದು ಮೂರು ಅಂತಸ್ತಿನ ಹವಾನಿಯಂತ್ರಿತ ಕೇಂದ್ರ ಅಲ್ಲ. ತಮ್ಮ ಹಜಾರದಲ್ಲಿ ನಾಲ್ಕು ಮಕ್ಕಳನ್ನು ನೋಡಿಕೊಂಡು, ಅನ್ನ ಸಾರು ಕಲಸಿ ತಿನ್ನಿಸಿ, ಸಂಜೆ ಮುಖ ತೊಳೆದು ಕಳಿಸುವ ಬೀದಿಯ ಆಂಟಿ. ಅವರು ಬಾಗಿಲು ಹಾಕಿದರೆ ಆ ನಾಲ್ಕು ಮಕ್ಕಳ ತಾಯಂದಿರೂ ಕೆಲಸ ಬಿಡಬೇಕಾಗುತ್ತದೆ. ನಿಯಮ ಬೇಕು, ಅದು ಅವರಿಗೂ ನಿಲುಕುವಂತಿರಬೇಕು.

ನಮ್ಮ ಬೇಡಿಕೆಗಳು ಸಣ್ಣವು. ಮೂರು ವರ್ಷದೊಳಗಿನ ಮಗುವನ್ನು ಹಣ ಪಡೆದು ನೋಡಿಕೊಳ್ಳುವ ಎಲ್ಲರೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಹೆಸರು ಬರೆಸಲಿ. ನಾಲ್ಕೈದು ಮಕ್ಕಳಿರುವ ಮನೆಗೆ ಒಂದು ಪುಟದ ಅರ್ಜಿ, ದೊಡ್ಡ ಕೇಂದ್ರಕ್ಕೆ ತಪಾಸಣೆ ಮತ್ತು ಪರವಾನಗಿ. ಆ ಪರವಾನಗಿಯಲ್ಲಿ ವಯಸ್ಸು ವರ್ಷದ ಲೆಕ್ಕದಲ್ಲಿ ಬೇಡ, ತಿಂಗಳ ಲೆಕ್ಕದಲ್ಲಿ ಇರಲಿ. ತೆವಳುವವರು, ನಡೆಯುವವರು, ಮೂರು ತುಂಬಿದವರು ಬೇರೆ ಬೇರೆ ಕೋಣೆಯಲ್ಲಿರಲಿ, ಅಷ್ಟು ಜಾಗವಿಲ್ಲದಿದ್ದರೆ ನಡುವೆ ಒಂದು ಅಡ್ಡಗಟ್ಟೆಯಾದರೂ ಇರಲಿ. ಈ ಕೋಣೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಜನ ಆಯಾ ಎಂಬುದನ್ನು ಬಾಗಿಲ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಲಿ.

ಹತ್ತು ಮಕ್ಕಳಿಗೆ ಒಬ್ಬರು ಎಂಬ ನಮ್ಮ ಲೆಕ್ಕವೂ ಧಾರಾಳವಾಯಿತು ಎಂಬುದು ನಮ್ಮ ಅನಿಸಿಕೆ. ಇಂಗ್ಲೆಂಡಿನಲ್ಲಿ ಎರಡು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು ಇರಬೇಕು. ಎರಡು ವರ್ಷದವರಲ್ಲಿ ನಾಲ್ವರಿಗೆ ಒಬ್ಬರಿದ್ದದ್ದನ್ನು 2023ರ ಸೆಪ್ಟೆಂಬರ್‌ನಲ್ಲಿ ಐವರಿಗೆ ಒಬ್ಬರು ಎಂದು ಸಡಿಲಿಸಿದಾಗ ಅಲ್ಲಿ ದೊಡ್ಡ ಆಕ್ಷೇಪವೇ ಎದ್ದಿತ್ತು. ನಾವು ನಾಳೆಗೇ ಅಲ್ಲಿಗೆ ಮುಟ್ಟಲಾರೆವು, ನಿಜ. ನಮ್ಮದೇ ನೀತಿಯಲ್ಲಿರುವ ಹತ್ತನ್ನಾದರೂ ಪಾಲಿಸೋಣ.

ವಯಸ್ಸಿನ ಗೆರೆ ಮಗುವನ್ನು ಹೊರಗೆ ತಳ್ಳುವ ಗೋಡೆಯೂ ಆಗಬಾರದು. ಎರಡು ವರ್ಷ ಹತ್ತು ತಿಂಗಳ ಮಗುವಿಗೆ “ಜೂನ್‌ನಲ್ಲಿ ಬನ್ನಿ” ಎಂದರೆ ಅಷ್ಟು ದಿನ ಅದು ಎಲ್ಲಿರಬೇಕು? ಒಂದು ಕೋಣೆಗೆ ಇನ್ನೂ ವಯಸ್ಸಾಗಿಲ್ಲ ಎಂದರೆ ಅದರ ವಯಸ್ಸಿಗೆ ತಕ್ಕ ಕೋಣೆ ಪಕ್ಕದಲ್ಲಿ ಇರಬೇಕು. ಅದಕ್ಕೇ ನಮ್ಮ ಕೊನೆಯ ಬೇಡಿಕೆ: ನಗರದ ವಾರ್ಡಿಗೊಂದು ಕೂಸಿನ ಮನೆ. ಅಂಗನವಾಡಿಯ ಜೊತೆಗೇ ಶಿಶುಪಾಲನಾ ಕೇಂದ್ರ ನಡೆಸಲು ಕೇಂದ್ರದ ‘ಪಾಲನಾ’ ಯೋಜನೆ ಈಗಾಗಲೇ ಇದೆ, 6 ತಿಂಗಳಿಂದ 6 ವರ್ಷದ ಮಕ್ಕಳಿಗಾಗಿ. ಅಂಗನವಾಡಿ ಕಾರ್ಯಕರ್ತೆಯರ ತಲೆಗೇ ಇದನ್ನೂ ಕಟ್ಟದೆ, ಬೇರೆ ಸಿಬ್ಬಂದಿಯನ್ನು ಸರಿಯಾದ ಸಂಬಳ ಕೊಟ್ಟು ನೇಮಿಸಲಿ.

ನಮ್ಮ ಗೆಳೆಯನ ಕತೆ ಏನಾಯಿತು ಎಂದು ಕೇಳುತ್ತೀರೇನೋ. ಅವನ ತಾಯಿ ಊರಲ್ಲಿದ್ದ ಎರಡು ಹಸುಗಳನ್ನು ಮಾರಿ ಯಡಿಯೂರಿಗೆ ಬಂದಿದ್ದಾರೆ. ಬೆಳಿಗ್ಗೆ ಮೊಮ್ಮಗನಿಗೆ ತಿಂಡಿ ತಿನ್ನಿಸಿ ಬಾಲ್ಕನಿಯಲ್ಲಿ ನಿಲ್ಲಿಸಿಕೊಂಡು ಬೀದಿ ತೋರಿಸುತ್ತಾರೆ. “ಇಲ್ಲಿ ಹೊತ್ತೇ ಹೋಗಲ್ಲ ಕಣೋ” ಎಂದು ಮಗನಿಗೆ ಹೇಳುತ್ತಾರೆ, ಅವನು ತಲೆ ತಗ್ಗಿಸುತ್ತಾನೆ. ಯಾದಗಿರಿಯ ಅಕ್ಕನಿಗೆ ಮಾರಲು ಹಸುವಿಲ್ಲ, ಕರೆಸಿಕೊಳ್ಳಲು ಅತ್ತೆಯಿಲ್ಲ. ಇರುವುದು ಒಂಬತ್ತು ವರ್ಷದ ಮಗಳೊಬ್ಬಳು. ಜೂನ್ ಬಂದಾಗ ಒಂದನೇ ತರಗತಿಯ ವಯಸ್ಸಿನ ಬಗ್ಗೆ ಮತ್ತೆ ಮಾತು ಶುರುವಾದರೆ, ಆ ಹುಡುಗಿಯ ಖಾಲಿ ಬೆಂಚಿನ ಬಗ್ಗೆಯೂ ಯಾರಾದರೂ ಕೇಳಲಿ.