ಪ್ರವಾಸದಾಗ ಅವ್ವಗೂ ಸೂಟಿ ಇರಲಿ

ಗೆಳೆಯ ಗೆಳತಿಯರೇ, ‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂದು ಹಿರಿಯರು ಹೇಳಿದ್ದಾರೆ. ಈ ಮಾತು ನನಗೂ ಒಪ್ಪಿಗೆ. ಆದರೆ ನಮ್ಮ ಮನೆಗಳಲ್ಲಿ ದೇಶ ಸುತ್ತುವವರು ಯಾರು? ಅಪ್ಪ, ಕಾಕಾ ಮತ್ತು ನಾವು ಹುಡುಗರು. ಆಯಿ, ‘ನನ್ನ ಮೊಣಕಾಲು ನೋಯ್ತಾವು, ನೀವು ಹೋಗಿ ಬರ್ರಿ, ನಾ ಮನಿ ಕಾಯ್ತೀನಿ’ ಅಂತಾಳೆ. ಅಜ್ಜ, ‘ಎಮ್ಮಿ ಹಿಂಡಾಕ ಯಾರರ ಇರಬೇಕಲ್ಲ’ ಅಂತಾನೆ. ಅವ್ವ ಬರುತ್ತಾಳೆ. ಆದರೆ ಅವಳ ಕೆಲಸವೂ ಅವಳ ಸಂಗಾಟ ಬರುತ್ತದೆ.

ಈಗ ಪ್ರವಾಸ ಅಂದರೆ ಒಂದು ಗಾಡಿ ಮಾಡಿಕೊಂಡು ಎರಡು ದಿವಸದಲ್ಲಿ ಶಿರಸಿ, ಬನವಾಸಿ, ಜೋಗ, ಮುರ್ಡೇಶ್ವರ, ಗೋಕರ್ಣ ಎಲ್ಲಾ ಮುಗಿಸುವುದು. ಹೊರಡುವ ದಿನ ಅವ್ವ ನಸುಕಿನ ಮೂರಕ್ಕೆ ಎದ್ದು ರೊಟ್ಟಿ ಬಡಿಯಬೇಕು, ಬುತ್ತಿ ಕಟ್ಟಬೇಕು. ಗಾಡಿಯಲ್ಲಿ ಕೂಸು ಕಾರಿಕೊಂಡರೆ ಅವಳೇ ಒರೆಸಬೇಕು. ತಿರುಗಿ ಬಂದ ಮೇಲೆ ನಾವೆಲ್ಲ ‘ಸಾಕಾತು’ ಅಂತ ಮಲಗುತ್ತೇವೆ. ಅವಳು ಮುಸುರಿ ತಿಕ್ಕಲು ಕೂಡುತ್ತಾಳೆ. ಹೀಗಾದರೆ ಅದು ಒಂಬತ್ತು ಮಂದಿಯ ಪ್ರವಾಸ ಹೇಗೆ ಆಗುತ್ತದೆ? ಇಬ್ಬರು ಮನೆ ಕಾದರು, ಒಬ್ಬಳು ದುಡಿದಳು, ಉಳಿದವರು ನೋಡಿ ಬಂದರು ಅಷ್ಟೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಅಜ್ಜ, ಆಯಿಯಿಂದ ಹಿಡಿದು ಸಣ್ಣ ಕೂಸಿನ ತನಕ ಎಲ್ಲರೂ ಇರುವ ಮನೆಯವರು ದೂರದ ಊರು ಎಣಿಸಬಾರದು. ಸಮೀಪದ ಒಂದೆರಡು ಜಾಗ ಆರಿಸಬೇಕು. ಮನೆಯಲ್ಲಿ ಎಲ್ಲರಿಗಿಂತ ಮೆಲ್ಲಗೆ ನಡೆಯುವವರು ಯಾರೋ ಅವರ ಕಾಲು ನೋಡಿ ಯೋಜನೆ ಹಾಕಬೇಕು. ಅವರು ನಡೆದರೆ ಉಳಿದವರು ನಡೆದೇ ನಡೆಯುತ್ತಾರೆ.

ಸಮೀಪ ಏನಿದೆ ಎಂದು ಕೇಳಬೇಡಿ. ನಮ್ಮ ಶಿಗ್ಗಾಂವಿ ತಾಲೂಕು ಬಡವ ಅಲ್ಲ. ಕನಕದಾಸರು ಹುಟ್ಟಿದ ಬಾಡ ನಮ್ಮಲ್ಲಿದೆ. ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಅಲ್ಲಿ ಹಳ್ಳಿ ಜೀವನದ ಆಳೆತ್ತರದ ಮೂರ್ತಿಗಳಿವೆ. ಅದನ್ನು ನೋಡಲು ದೂರ ದೂರದಿಂದ ಜನ ಬರುತ್ತಾರೆ. ನಾವು ಮಾತ್ರ ಬಸ್ಸಿನ ಕಿಡಕಿಯಿಂದ ನೋಡಿ ಮುಂದೆ ಹೋಗುತ್ತೇವೆ.

ನಾನು ಹಾಕಿದ ಯೋಜನೆ ಹೀಗಿದೆ. ಶನಿವಾರ ನಮಗೆ ಮುಂಜಾನೆ ಸಾಲಿ. ಮಧ್ಯಾಹ್ನ ಉಂಡು, ಬಿಸಿಲು ಇಳಿದ ಮೇಲೆ ಶಿಶುನಾಳಕ್ಕೆ ಹೋಗುವುದು. ಶರೀಫ ಸಾಹೇಬರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಅವರು ಮೊದಲು ಸಾಲಿ ಮಾಸ್ತರರಾಗಿದ್ದರು. ಕಳಸದ ಗೋವಿಂದ ಭಟ್ಟರು ಅವರ ಗುರುಗಳು. ಶರೀಫರ ಗದ್ದಿಗೆಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ನಮ್ಮ ಆಯಿಗೆ ಓದಲು ಬರುವುದಿಲ್ಲ, ಆದರೆ ಶರೀಫರ ತತ್ವಪದ ಎಷ್ಟೋ ಬಾಯಿಪಾಠ ಇವೆ. ಅಲ್ಲಿ ಕುಳಿತು ಅವಳು ಹಾಡಲಿ, ನಾವು ಕೇಳೋಣ. ಹೊತ್ತು ಮುಳುಗಿದ ಮೇಲೆ ತಿರುಗಿ ಮನೆಗೆ ಬಂದು ನಮ್ಮ ನಮ್ಮ ಹಾಸಿಗೆಯಲ್ಲಿ ಮಲಗುವುದು. ಎಮ್ಮೆ ಹಿಂಡುವುದೂ ತಪ್ಪುವುದಿಲ್ಲ.

ರವಿವಾರ ಮುಂಜಾನೆ ಎಮ್ಮೆ ಹಿಂಡಿ ಬಂಕಾಪುರ ಕೋಟೆಗೆ ಹೋಗುವುದು. ಅಲ್ಲಿ 139 ಎಕರೆಯಲ್ಲಿ ನವಿಲುಧಾಮ ಇದೆ. ಅದು 2006ರಲ್ಲಿ ಆಗಿದೆ. ನವಿಲು ತಂಪು ಹೊತ್ತಿನಲ್ಲಿ ಹೊರಗೆ ಬರುತ್ತವೆ, ಬಿಸಿಲೇರಿದರೆ ಗಿಡದ ನೆರಳಿಗೆ ಸೇರುತ್ತವೆ. ಆದ್ದರಿಂದ ಲಗೂನ ಹೋಗಬೇಕು. ಕೋಟೆಯೊಳಗೆ ನಗರೇಶ್ವರ ಗುಡಿ ಇದೆ. ಜನ ಅದಕ್ಕೆ ಅರವತ್ತು ಕಂಬದ ಗುಡಿ ಅಂತಾರೆ. ಸರ್ಕಾರದವರು ಖಿಲಾರಿ ದನ ಸಾಕುವುದೂ ಅಲ್ಲೇ. ಕಂಬ ನೋಡಲು ನಾವು, ನವಿಲು ನೋಡಲು ತಮ್ಮ, ಹೋರಿ ನೋಡಲು ಅಜ್ಜ. ಒಂದೇ ಜಾಗದಲ್ಲಿ ಮೂರು ತಲೆಮಾರಿಗೂ ಕೆಲಸ ಸಿಕ್ಕಿತು.

ಖರ್ಚಿನ ಮಾತು ಬರುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾದಾ ಬಸ್ಸಿನಲ್ಲಿ ಟಿಕೀಟಿಗೆ ರೊಕ್ಕ ಇಲ್ಲ. ಆಯಿ, ಅವ್ವ, ಚಿಗವ್ವ, ನಾನು ನಾಲ್ಕು ಮಂದಿ ಪುಕ್ಕಟೆ. ಗಂಡಸರಿಗೆ ಮಾತ್ರ ರೊಕ್ಕ, ತಮ್ಮಗ ಅರ್ಧ ಟಿಕೀಟು. ಆಧಾರ್ ಕಾರ್ಡು ಮರೆಯಬಾರದು. ಬಸ್ಸಿನಲ್ಲಿ ಗದ್ದಲ ಬಹಳ ಇರುತ್ತದೆ, ಆಯಿಗೆ ನಿಲ್ಲಲು ಆಗುವುದಿಲ್ಲ. ಅದಕ್ಕೆ ಶಿಗ್ಗಾಂವಿ ಸ್ಟ್ಯಾಂಡಿನಲ್ಲಿ ಅವಸರ ಮಾಡದೆ, ತುಂಬಿದ ಬಸ್ ಬಿಟ್ಟು ಜಾಗ ಇರುವ ಬಸ್ ಹತ್ತಬೇಕು. ಅರ್ಧ ತಾಸು ತಡವಾದರೆ ನವಿಲು ಎಲ್ಲಿಗೂ ಓಡಿ ಹೋಗುವುದಿಲ್ಲ.

ಊಟದ ಮಾತು ಎಲ್ಲಕ್ಕಿಂತ ಮುಖ್ಯ. ಅವತ್ತು ನಸುಕಿನಲ್ಲಿ ಒಲೆ ಹಚ್ಚಬಾರದು. ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಮೊದಲೇ ಮಾಡಿದ್ದು ಸಾಕು. ಶೇಂಗಾ ಚಟ್ನಿ, ಮೊಸರು, ಉಳ್ಳಾಗಡ್ಡಿ ಇದ್ದರೆ ಬುತ್ತಿ ಆಯಿತು. ಬುತ್ತಿ ಕಟ್ಟುವುದು ನಾನು ಮತ್ತು ತಮ್ಮ. ಕೂಸನ್ನು ಎತ್ತಿಕೊಳ್ಳುವುದು ಕಾಕಾ. ರಾತ್ರಿಗೆ ಚುರಮರಿ ಕಲಸಿ, ಮೇಲೆ ಸವಣೂರ ಖಾರ ಹಾಕಿದರೆ ಯಾರೂ ಬ್ಯಾಡ ಅನ್ನುವುದಿಲ್ಲ. ಆ ತಾಟು ಅಪ್ಪ ಮತ್ತು ಕಾಕಾ ತೊಳೆಯಬೇಕು. ‘ಗಂಡಸರು ತಾಟು ತೊಳಿತಾರೇನು?’ ಎಂದು ಕೆಲವರು ನಗಬಹುದು. ಉಂಡವರು ತೊಳೆದರೆ ತಪ್ಪೇನು ಎಂಬುದು ನನ್ನ ಪ್ರಶ್ನೆ.

‘ಹಂಗಾದರ ನಾವು ಸಮುದ್ರ ನೋಡೂದು ಯಾವಾಗ?’ ಎಂದು ಗೆಳತಿಯೊಬ್ಬಳು ಕೇಳಿದಳು. ಸಮುದ್ರ, ಜೋಗ ನೋಡಲು ಶಾಲೆಯ ಪ್ರವಾಸ ಇದೆ. ಮುಂದೆ ದೊಡ್ಡವರಾದ ಮೇಲೆ ನಾವೇ ಹೋಗಬಹುದು. ಆದರೆ ಆಯಿಯ ಮೊಣಕಾಲು ವರ್ಷ ವರ್ಷ ಹೆಚ್ಚು ನೋಯುತ್ತದೆ. ಶಿಶುನಾಳ ಎಲ್ಲಿಗೂ ಹೋಗುವುದಿಲ್ಲ, ಅವಳಿಗೆ ಅಲ್ಲಿಗೆ ಹೋಗುವ ಶಕ್ತಿ ಮಾತ್ರ ಕಡಿಮೆ ಆಗುತ್ತಾ ಇದೆ.

‘ನಾ ಮನಿ ಕಾಯ್ತೀನಿ’ ಅನ್ನುವ ಮಾತಿಗೆ ‘ಬರೂದಿಲ್ಲ’ ಅಂತ ಅರ್ಥ ಅಲ್ಲ. ‘ನನ್ನಿಂದ ನಿಮಗ ತೊಂದ್ರಿ ಆಗಬಾರದು’ ಅಂತ ಅರ್ಥ. ಆದ್ದರಿಂದ ಗೆಳೆಯ ಗೆಳತಿಯರೇ, ಮುಂದಿನ ಸಲ ಮನೆಯಲ್ಲಿ ಊರಿಗೆ ಹೋಗುವ ಮಾತು ಬಂದರೆ ಎರಡು ಪ್ರಶ್ನೆ ಕೇಳಿರಿ. ಆಯಿ ಎಲ್ಲಿ ಕೂಡುತ್ತಾಳೆ? ಅವ್ವ ಎಷ್ಟು ಹೊತ್ತಿಗೆ ಏಳುತ್ತಾಳೆ? ಎರಡಕ್ಕೂ ಒಳ್ಳೆ ಉತ್ತರ ಸಿಕ್ಕರೆ ಮಾತ್ರ ಚೀಲ ಕಟ್ಟಿರಿ.

ಇದು ನನ್ನ ಅಭಿಪ್ರಾಯ. ಒಪ್ಪದವರು ಬರೆದು ಪಕ್ಕದಲ್ಲಿ ಹಚ್ಚಬಹುದು.

— 7ನೇ ತರಗತಿಯ ವಿದ್ಯಾರ್ಥಿನಿ, ಹಿರೇಬೆಂಡಿಗೇರಿ