ಪಣಂಬೂರು ಬಂದರಿನಲ್ಲಿ ಎರಡು ಕಾನೂನು

ಮಂಗಳೂರಿನ ಪಣಂಬೂರು ಬಂದರಿನಿಂದ ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಕಂಟೇನರು ತುಂಬಿಕೊಂಡು ಯುರೋಪಿಗೆ ಹೊರಡುತ್ತದೆ. ಅದೇ ಬಂದರಿಗೆ ಇಂಡೊನೇಷ್ಯಾ, ಮಲೇಷ್ಯಾದ ತಾಳೆ ಎಣ್ಣೆ ಹೊತ್ತ ಹಡಗು ಬಂದು ನಿಲ್ಲುತ್ತದೆ. ಹೋಗುವ ಕಾಫಿಗೆ ಒಂದು ಕಾನೂನು, ಬರುವ ಎಣ್ಣೆಗೆ ಇನ್ನೊಂದು. ನನ್ನ ಸಿಟ್ಟು ಹುಟ್ಟುವುದೇ ಇಲ್ಲಿ.

ಮೊದಲು ಕಾಫಿ. 2023ರಲ್ಲಿ ಯುರೋಪಿಯನ್ ಒಕ್ಕೂಟ ಒಂದು ಕಾನೂನು ತಂದಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರು, ಸೋಯಾ, ತಾಳೆ ಎಣ್ಣೆ, ಮರಮುಟ್ಟು, ದನದ ಮಾಂಸ ಯಾವುದೂ ಅದರ ಗಡಿ ದಾಟಿ ಒಳಗೆ ಬರುವಂತಿಲ್ಲ. ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು. ನಾಲ್ಕು ಹೆಕ್ಟೇರು ಮೀರಿದ ತೋಟವಾದರೆ ಸುತ್ತ ಗಡಿಯನ್ನೇ ಗುರುತಿಸಿ ತೋರಿಸಬೇಕು. ಜಾರಿಯ ದಿನವನ್ನು ಅವರು ಮುಂದೂಡುತ್ತ ಬಂದಿದ್ದಾರೆ, ಆದರೆ ನಮ್ಮ ಕಾಫಿ ಮಂಡಳಿ ಈಗಲೇ ಬೆಳೆಗಾರರನ್ನು ನೋಂದಾಯಿಸಿಕೊಳ್ಳುತ್ತಿದೆ. ಅದಕ್ಕಾಗಿ ಕೊಡಗಿನ ಸೋಮವಾರಪೇಟೆಯ ಕಡೆಯ ಎರಡೆಕರೆ ಬೆಳೆಗಾರ ಹಲಸು, ಸಿಲ್ವರ್ ಮರಗಳ ನೆರಳಲ್ಲಿ ಮೊಬೈಲ್ ಹಿಡಿದು ಸಿಗ್ನಲ್ ಹುಡುಕಬೇಕು. ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇದ್ದರೆ ತೋಟ ತನ್ನದೆಂದು ತೋರಿಸಲು ತಾಲ್ಲೂಕು ಕಚೇರಿಗೆ ಅಲೆಯಬೇಕು. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಆಸ್ತಿಯ ದಾಖಲೆಗಳ ಗೋಜಲು ಗೊತ್ತಿದ್ದವರಿಗೆ ಇದು ಎಂಥ ಕಷ್ಟವೆಂದು ಬಿಡಿಸಿ ಹೇಳಬೇಕಿಲ್ಲ.

ಯುರೋಪು ಕೇಳುತ್ತಿರುವ ಪ್ರಶ್ನೆ ನ್ಯಾಯವಾದದ್ದೇ. ಉಣ್ಣುವವನಿಗೆ ತನ್ನ ಅನ್ನ ಯಾವ ಕಾಡನ್ನು ಸುಟ್ಟು ಬಂತೆಂದು ಕೇಳುವ ಹಕ್ಕಿದೆ. ಆ ಹೊರೆಯನ್ನು ಸಣ್ಣ ಬೆಳೆಗಾರನ ತಲೆಗೆ ಕಟ್ಟಿರುವುದು ತಪ್ಪು, ಅದು ಬೇರೆ ಜಗಳ. ನಾನು ಇಲ್ಲಿ ಕೇಳುತ್ತಿರುವುದು ದೆಹಲಿಯನ್ನು: ಇದೇ ಪ್ರಶ್ನೆಯನ್ನು ಪಣಂಬೂರಿಗೆ ಬರುವ ಎಣ್ಣೆಗೆ ಯಾಕೆ ಹಾಕುವುದಿಲ್ಲ?

ಆ ಎಣ್ಣೆ ಎಲ್ಲಿಂದ ಬರುತ್ತದೆ ನೋಡಿ. ಜಗತ್ತಿನ ತಾಳೆ ಎಣ್ಣೆಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಇಂಡೊನೇಷ್ಯಾ, ಮಲೇಷ್ಯಾ ಎರಡೇ ದೇಶಗಳದ್ದು. ಇಂಡೊನೇಷ್ಯಾದ ಸುಮಾತ್ರಾ, ಕಾಲಿಮಂಟನ್‌ಗಳ ತಗ್ಗು ಕಾಡುಗಳಡಿ ಸಾವಿರಾರು ವರ್ಷಗಳಿಂದ ಎಲೆ, ಬೇರು, ಮರ ನೀರಲ್ಲಿ ಕೊಳೆತು ಪದರಪದರವಾಗಿ ಕೂತ ಜೌಗು ಮಣ್ಣಿದೆ. ನೀರಿರುವವರೆಗೆ ಅದು ಇಂಗಾಲವನ್ನು ಹಿಡಿದಿಡುತ್ತದೆ. ತೋಟ ಹಾಕಲು ಕಾಲುವೆ ತೋಡಿ ನೀರು ಬಸಿದರೆ ಆ ಮಣ್ಣೇ ಉರುವಲು. ಬೆಂಕಿ ಬಿದ್ದರೆ ನೆಲದೊಳಗೇ ವಾರಗಟ್ಟಲೆ ಹೊಗೆಯಾಡುತ್ತದೆ, ಮೇಲಿನಿಂದ ನೀರು ಸುರಿದರೂ ಆರುವುದಿಲ್ಲ. 2015ರಲ್ಲಿ ಇಂಡೊನೇಷ್ಯಾದಲ್ಲಿ 26 ಲಕ್ಷ ಹೆಕ್ಟೇರು ಸುಟ್ಟಿತೆಂದು ವಿಶ್ವಬ್ಯಾಂಕ್ ಲೆಕ್ಕ ಹಾಕಿತು. ಆ ಹೊಗೆಗೆ ಸಿಂಗಾಪುರ, ಮಲೇಷ್ಯಾದಲ್ಲಿ ಶಾಲೆ ಮುಚ್ಚಿದವು. ಅದನ್ನು ಉಸಿರಾಡಿ ಒಂದು ಲಕ್ಷದಷ್ಟು ಜನ ಅಕಾಲದಲ್ಲಿ ಸತ್ತಿರಬಹುದೆಂದು ಹಾರ್ವರ್ಡ್, ಕೊಲಂಬಿಯಾ ವಿಶ್ವವಿದ್ಯಾಲಯಗಳ ಸಂಶೋಧಕರು ಅಂದಾಜಿಸಿದರು. ಎಲ್ಲ ಬೆಂಕಿಯೂ ತಾಳೆಯದ್ದಲ್ಲ, ಕಾಗದದ ಮರದ ತೋಟಗಳ ಪಾಲೂ ಇದೆ. ಕಾಡು ಹೋಯಿತು, ಒರಾಂಗುಟಾನ್ ಹೋಯಿತು, ದಯಾಕ್ ಬುಡಕಟ್ಟಿನವರ ನೆಲ ಕಂಪನಿಗಳ ಪಾಲಾಯಿತು. ಅಲ್ಲಿನ ಸಣ್ಣ ತಾಳೆ ರೈತರ ಮೇಲೆ ನನಗೆ ದ್ವೇಷವಿಲ್ಲ. ಅವರೂ ನಮ್ಮಂತೆ ಬೆಲೆ ಹೇಳುವವನ ಮುಂದೆ ಕೈಕಟ್ಟಿ ನಿಂತವರೇ.

ಭಾರತ ಜಗತ್ತಿನಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ ಕೊಳ್ಳುವ ದೇಶ. ಇಷ್ಟು ದೊಡ್ಡ ಗಿರಾಕಿ ಬಾಯಿ ಬಿಟ್ಟು ಒಂದು ಮಾತು ಕೇಳಿದ್ದರೆ ಕಾಲಿಮಂಟನ್‌ನ ಗರಗಸ ನಿಲ್ಲುತ್ತಿತ್ತು. ಕೇಳಲಿಲ್ಲ. ಹಾಗಾಗಿ ದಾಖಲೆ ಇರುವ ಎಣ್ಣೆ ಯುರೋಪಿಗೆ, ದಾಖಲೆ ಇಲ್ಲದ್ದು ನಮ್ಮ ಬಾಣಲೆಗೆ ಎಂಬ ವ್ಯಾಪಾರಕ್ಕೆ ದಾರಿ ಹಾಸಿಕೊಟ್ಟವರು ನಾವೇ. ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ಓದಿ. ಸಣ್ಣ ಅಕ್ಷರದಲ್ಲಿ ತಾಳೆ ಎಣ್ಣೆ ಅಂತ ಇರುತ್ತದೆ. ಯಾವ ದೇಶದ್ದು, ಯಾವ ನೆಲದ್ದು ಎಂಬುದಿಲ್ಲ.

ಈ ಎಣ್ಣೆಯ ಪೆಟ್ಟು ನಮ್ಮಲ್ಲಿ ಎಲ್ಲಿ ಬಿತ್ತೆಂದು ನೋಡಲು ಈಗ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ ಬನ್ನಿ. ಒಂದು ಕಾಲಕ್ಕೆ ಎಣ್ಣೆ ನಗರ, ಎರಡನೇ ಬಾಂಬೆ ಅನ್ನಿಸಿಕೊಂಡಿದ್ದ ಊರು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಅದೂ ಒಂದು, ಅಲ್ಲಿನ ಕೆಂಪು ನೆಲದಲ್ಲಿ ಕೈಹಿಡಿದ ಬೆಳೆ ಶೇಂಗಾ. ತಾಳೆ ಒಂದು ಹೆಕ್ಟೇರಿಗೆ ಕೊಡುವ ಎಣ್ಣೆಯ ಹತ್ತಿರಕ್ಕೂ ಶೇಂಗಾ ಬರುವುದಿಲ್ಲವೆಂದು ಅರ್ಥಶಾಸ್ತ್ರಜ್ಞರು ಹೇಳುತ್ತಾರೆ. ಲೆಕ್ಕ ಸರಿ, ಆದರೆ ಅರ್ಧ ಲೆಕ್ಕ. ಶೇಂಗಾ ಕಿತ್ತು, ಬುಡ ಮೇಲೆ ಮಾಡಿ ಒಣಗಿಸಿ, ಹೆಂಗಸರು ಸಾಲಾಗಿ ಕೂತು ಕಾಯಿ ಬಿಡಿಸಿದ ಮೇಲೆ ಬಳ್ಳಿ ಬಣವೆ ಸೇರುತ್ತದೆ, ಬೇಸಿಗೆಗೆ ದನಕ್ಕೆ ಅದೇ ಮೇವು. ಗಿರಣಿಯಲ್ಲಿ ಎಣ್ಣೆ ತೆಗೆದು ಉಳಿದ ಹಿಂಡಿ ಎಮ್ಮೆಯ ಬಾನಿಗೆ ಹೋಗಿ ಹಾಲಾಗುತ್ತದೆ. ಸಿಪ್ಪೆ ಒಲೆಗೆ. ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಹಡಗಿನಲ್ಲಿ ಬರುವುದು ಎಣ್ಣೆ ಮಾತ್ರ. ಮೇವು ಬರುವುದಿಲ್ಲ, ಹಿಂಡಿ ಬರುವುದಿಲ್ಲ, ಕಾಯಿ ಬಿಡಿಸುವವರ ಕೂಲಿ ಬರುವುದಿಲ್ಲ. ಚಳ್ಳಕೆರೆಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಇವೆಲ್ಲ ಒಟ್ಟಿಗೇ ಹೋದವು. ಬರ, ರೋಗ, ಹಳೆಯ ತಳಿ ಕೂಡ ಕಾರಣವೇ. ಆದರೆ ಆಗಸವನ್ನು ದೂರುವವರು ಕಸ್ಟಮ್ಸ್ ಪಟ್ಟಿಯನ್ನೂ ಒಮ್ಮೆ ತೆರೆದು ನೋಡಲಿ.

1986ರಲ್ಲಿ ಎಣ್ಣೆಕಾಳು ಮಿಷನ್ ಶುರುವಾಗಿ, ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ದೇಶ ತನ್ನ ಎಣ್ಣೆಯನ್ನು ಹೆಚ್ಚುಕಡಿಮೆ ತಾನೇ ಬೆಳೆದುಕೊಳ್ಳುತ್ತಿತ್ತು. ಆಗಲೇ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ವಿಶ್ವ ವ್ಯಾಪಾರ ಸಂಸ್ಥೆಗೆ (ಡಬ್ಲ್ಯುಟಿಒ) ದಾರಿ ಮಾಡಿದ ಡಂಕೆಲ್ ಪ್ರಸ್ತಾವನೆಯ ವಿರುದ್ಧ ಬೆಂಗಳೂರಿನ ಬೀದಿಗಿಳಿದಿತ್ತು. ಹಸಿರು ಶಾಲಿನವರಿಗೆ ಜಗತ್ತು ಗೊತ್ತಿಲ್ಲ ಅಂತ ಪತ್ರಿಕೆಗಳಲ್ಲಿ ಬರೆದ ವಿದ್ವಾಂಸರಿದ್ದರು. 1994ರಲ್ಲಿ ಪಾಮೋಲಿನ್ ಆಮದನ್ನು ಮುಕ್ತಗೊಳಿಸಿದರು. ಆಗ ಶೇಕಡಾ 65 ಇದ್ದ ಸುಂಕ 1998ರ ಹೊತ್ತಿಗೆ 15ಕ್ಕೆ ಇಳಿಯಿತು. ಡಬ್ಲ್ಯುಟಿಒ ಕೈ ಕಟ್ಟಿಹಾಕಿತು ಎಂದು ಹೇಳುವ ಹಾಗೂ ಇಲ್ಲ. ತಾಳೆ ಎಣ್ಣೆಯ ಮೇಲೆ ಶೇಕಡಾ 300ರವರೆಗೆ ಸುಂಕ ಹಾಕುವ ಅಧಿಕಾರವನ್ನು ಆ ಒಪ್ಪಂದವೇ ನಮಗೆ ಬಿಟ್ಟಿತ್ತು. ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜೊತೆಗಿನ 2009ರ ಒಪ್ಪಂದದಲ್ಲಿ ಅದನ್ನೂ ಬಿಟ್ಟುಕೊಟ್ಟು, ಕಚ್ಚಾ ತಾಳೆ ಎಣ್ಣೆಗೆ 37.5ಕ್ಕೆ ಇಳಿಯುತ್ತೇವೆಂದು ಸಹಿ ಹಾಕಿದರು. ಇವತ್ತು ಅಷ್ಟೂ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಎಣ್ಣೆಗಳ ಮೂಲ ಸುಂಕವನ್ನು ಸೊನ್ನೆಯಿಂದ 20ಕ್ಕೆ ಏರಿಸಿದ ಸರ್ಕಾರ, 2025ರ ಮೇ ಕೊನೆಯಲ್ಲಿ ಅದನ್ನು 10ಕ್ಕೆ ಇಳಿಸಿತು. ಮೇ ಕೊನೆ ಅಂದರೆ ಚಳ್ಳಕೆರೆ, ಪಾವಗಡ, ಶಿರಾದ ರೈತ ಬಿತ್ತನೆ ಶೇಂಗಾಕ್ಕೆ ಸಾಲ ಕೇಳಿಕೊಂಡು ಓಡಾಡುವ ಹೊತ್ತು. ಶೇಂಗಾ ಬಿತ್ತಲೋ ಬೇಡವೋ ಎಂದು ಅವನು ಯೋಚಿಸುತ್ತಿರುವಾಗಲೇ ಅವನ ಬೆಲೆಯ ಬುಡ ಕಡಿದರು.

ಬಡವರಿಗೆ ಅಗ್ಗದ ಎಣ್ಣೆ ಬೇಡವೇ ಎಂದು ಕೇಳುತ್ತಾರೆ. ಬೇಕು. ಕೂಲಿ ಮಾಡುವ ಮನೆಗೆ ಒಗ್ಗರಣೆ ದುಬಾರಿಯಾಗಬಾರದು. ಹಾಗಿದ್ದರೆ ರೈತನಿಂದ ಬೆಂಬಲ ಬೆಲೆಗೆ ಶೇಂಗಾ ಕೊಂಡು, ಅದೇ ತಾಲ್ಲೂಕಿನಲ್ಲಿ ಎಣ್ಣೆ ತೆಗೆಸಿ, ಪಡಿತರದಲ್ಲಿ ಕೊಡಿ, ಖರ್ಚು ಖಜಾನೆಯದ್ದಾಗಲಿ. ಆಮದಿನ ಅಗ್ಗವನ್ನು ನಂಬಿ ಕೂತರೆ ಏನಾಗುತ್ತದೆಂದು 2022ರ ಏಪ್ರಿಲ್‌ನಲ್ಲಿ ಕಂಡಿದ್ದೇವೆ. ಇಂಡೊನೇಷ್ಯಾ ರಫ್ತು ನಿಲ್ಲಿಸಿತು. ಉಕ್ರೇನ್ ಯುದ್ಧದಿಂದ ಮೊದಲೇ ಏರಿದ್ದ ಬೆಲೆಯಿಂದ ತತ್ತರಿಸಿದ್ದ ಅಡುಗೆಮನೆಗಳು ಬೇರೆ ದೇಶದ ಅಧ್ಯಕ್ಷರ ಒಂದು ಮಾತಿಗೆ ಬಾಯಿ ಬಿಟ್ಟುಕೊಂಡು ಕಾದವು.

ಈ ಆಮದಿನ ಅವಲಂಬನೆಗೆ ದೆಹಲಿ ಕಂಡುಕೊಂಡ ಪರಿಹಾರ ಇನ್ನೂ ಸಿಟ್ಟು ಬರಿಸುತ್ತದೆ. 2021ರಲ್ಲಿ 11,040 ಕೋಟಿ ರೂಪಾಯಿಯ ತಾಳೆ ಯೋಜನೆಗೆ ಒಪ್ಪಿಗೆ ಕೊಟ್ಟರು. ಅದರಲ್ಲಿ ವಿಶೇಷ ಒತ್ತು ಈಶಾನ್ಯ ರಾಜ್ಯಗಳಿಗೆ, ಅಂಡಮಾನ್ ನಿಕೋಬಾರ್‌ಗೆ. ನಮಗೆ ಉಳಿದಿರುವ ಅತ್ಯಂತ ದಟ್ಟ ಕಾಡುಗಳ ನಾಡಿಗೆ. ಸುಮಾತ್ರಾದಲ್ಲಿ ಆದದ್ದನ್ನು ಕಣ್ಣಾರೆ ನೋಡಿಯೂ ಅದೇ ಗಿಡವನ್ನು ಅಲ್ಲಿಗೆ ಒಯ್ಯುವ ಧೈರ್ಯ ಇವರಿಗೆ ಎಲ್ಲಿಂದ ಬರುತ್ತದೆ? ಅದೇ ಹಣ ಒಣಭೂಮಿಯ ಶೇಂಗಾಕ್ಕೆ, ಹುಚ್ಚೆಳ್ಳಿಗೆ, ಕುಸುಬೆಗೆ ಬರಬೇಕು.

ಬಂದರಿಗೆ ಬರುವ ಪ್ರತಿ ಹಡಗಿನ ಎಣ್ಣೆಗೂ ಬೆಳೆದ ನೆಲದ ದಾಖಲೆ ಕೇಳಿ, ಸೋಮವಾರಪೇಟೆಯ ಎರಡೆಕರೆಯವನನ್ನು ಕೇಳುವಷ್ಟೇ ಕಟ್ಟುನಿಟ್ಟಾಗಿ. ದಾಖಲೆ ಇಲ್ಲದ್ದನ್ನು ವಾಪಸ್ ಕಳಿಸಿ. ಆಸಿಯಾನ್ ಒಪ್ಪಂದ ಬಿಟ್ಟಿರುವ 37.5ರವರೆಗೂ ಸುಂಕ ಏರಿಸಿ, ಬಿತ್ತನೆಯಿಂದ ಕೊಯ್ಲಿನವರೆಗೆ ಅದನ್ನು ಅಲುಗಿಸಬೇಡಿ. ಪೊಟ್ಟಣದ ಮುಖದ ಮೇಲೆ ಎಣ್ಣೆಯ ಹೆಸರು, ದೇಶ ದೊಡ್ಡಕ್ಷರದಲ್ಲಿ ಬರಲಿ. ಇವನ್ನೆಲ್ಲ ಮಾಡಲು ಯಾವ ದೇಶದ ಅಪ್ಪಣೆಯೂ ಬೇಕಿಲ್ಲ. ಮುಂದಿನ ಮುಂಗಾರಿಗೆ ಮೊದಲು ಮಾಡದಿದ್ದರೆ ಚಳ್ಳಕೆರೆಯ ರೈತರು ಪಣಂಬೂರಿನ ಗೇಟಿಗೆ ಬಂದು ಕೂರಲಿ, ಕಾಫಿ ಬೆಳೆಗಾರರೂ ಅವರ ಪಕ್ಕದಲ್ಲಿ ಬಂದು ಕೂರಲಿ.