ಎಷ್ಟು ಮಳೆ ಎಂಬುದರ ಜೊತೆಗೆ ಎಷ್ಟು ಹೊತ್ತು ಎಂಬುದೂ ಬೇಕು

ನಮ್ಮ ರಾಯದುರ್ಗದ ಕಡೆ ಮಳೆಯಾದ ಮರುದಿನ ಮಂಡಲದ ಹೆಸರಿನ ಮುಂದೆ ಒಂದು ಅಂಕಿ ಪ್ರಕಟವಾಗುತ್ತದೆ. 40 ಮಿಲಿಮೀಟರ್ ಅಂತಿದ್ದರೆ ಕಚೇರಿಯವರ ಪಾಲಿಗೆ ಒಳ್ಳೆ ಮಳೆ. ಅದು ರಾತ್ರಿಯಿಡೀ ಜಿಟಿಜಿಟಿ ಹಿಡಿದದ್ದೋ, ಅರ್ಧ ಗಂಟೆಯಲ್ಲಿ ಬಡಿದು ಹೋದದ್ದೋ? ಅದನ್ನು ಕೇಳುವವರು ಯಾರೂ ಇಲ್ಲ.

ರೈತನಿಗೆ ಬೇಕಾದದ್ದು ಅದೇ ನೋಡ್ರಿ. ಎಕರೆಗೆ ಒಂದು ಮಿಲಿಮೀಟರ್ ಮಳೆ ಅಂದರೆ ಸುಮಾರು 4,000 ಲೀಟರ್ ನೀರು. 40 ಮಿಲಿಮೀಟರಿಗೆ 1 ಲಕ್ಷ 60 ಸಾವಿರ ಲೀಟರ್. ನಿಧಾನಕ್ಕೆ ಬಿದ್ದರೆ ನೆಲ ಕುಡಿಯುತ್ತದೆ, ಹದ ಆಗುತ್ತದೆ. ಈ ಹದಕ್ಕೆ ತೆಲುಗಿನಲ್ಲಿ ಪದನು ಅಂತೀವಿ, ಎರಡಕ್ಕೂ ಬೇರು ಒಂದೇ. ಅದೇ ನೀರು ಅರ್ಧ ಗಂಟೆಯಲ್ಲಿ ಸುರಿದರೆ ಕೆಂಪು ನೆಲದ ಮೇಲೆ ಹೆಪ್ಪು ಕಟ್ಟಿ, ಮೇಲ್ಮಣ್ಣು ಹಳ್ಳಕ್ಕೆ ಹೋಗುತ್ತದೆ, ಬಿತ್ತಿದ ಶೇಂಗಾ ಮೇಲೇಳೋದಿಲ್ಲ. ಕೆರೆ ಕೆಳಗಿನ ಗದ್ದೆಯವರಿಗೆ ಅದು ಸಂತೋಷದ ಮಳೆಯೇ ಇರಬಹುದು, ಮೇಲ್ಹೊಲದವನು ಮತ್ತೆ ಬೀಜ ಕೊಳ್ಳಬೇಕು. ವರುಷಕ್ಕೆ ಸುಮಾರು 550 ಮಿಲಿಮೀಟರ್ ಕಾಣುವ ಅನಂತಪುರದ ಸೀಮೆಯಲ್ಲಿ ಹೀಗೆ ಎರಡು ಮಳೆ ಹರಿದು ಹೋದರೆ ಉಳಿಯೋದೇನು? ಕಡತದಲ್ಲಿ ಮಾತ್ರ ಎರಡು ಬಗೆಯ ಮಳೆಗೂ ಒಂದೇ ಅಂಕಿ.

ಮಳೆ ಅಳೆಯೋದು ನಮಗೆ ಹೊಸದಲ್ಲ. ಉಗ್ರಾಣದ ಮುಂದೆ ಒಂದು ಮೊಳ ಅಗಲದ ಕುಂಡ ಇಟ್ಟು ಮಳೆ ಅಳೆಯಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಇದೆ. ಈಗಿನ ವಿಶ್ವ ಹವಾಮಾನ ಸಂಸ್ಥೆ ಒಳನಾಡಿನ ಬಯಲಿಗೆ 575 ಚದರ ಕಿಲೋಮೀಟರಿಗೆ ಒಂದಾದರೂ ಮಾಪಕ ಇರಲಿ ಅನ್ನುತ್ತದೆ. ಹೊತ್ತುಹೊತ್ತಿನ ಮಳೆಯನ್ನು ತಾನೇ ಬರೆದಿಡುವ ಮಾಪಕವಾದರೆ 5,750 ಚದರ ಕಿಲೋಮೀಟರಿಗೆ ಒಂದು. ನದಿ, ಅಣೆಕಟ್ಟಿನ ಲೆಕ್ಕಕ್ಕೆ ಅದು ಸಾಕಾದೀತು. ನಮ್ಮ ಗುಡುಗುಮಳೆ ಒಂದು ಊರಿಗೆ ಸುರಿದು ಪಕ್ಕದೂರಿನಲ್ಲಿ ಧೂಳೆಬ್ಬಿಸಿ ಹೋಗುವಂಥದು. ಈಗ ಸ್ವಯಂಚಾಲಿತ ಯಂತ್ರಗಳು ಬಂದಿವೆ, ಊರೂರಿಗೂ ಬಂದಿಲ್ಲ.

ಉಪಗ್ರಹ ನೋಡುತ್ತದಲ್ಲ ಅಂತ ಕೆಲವರು ಕೇಳುತ್ತಾರೆ. ನೋಡುತ್ತದೆ, ಮೇಲಿನಿಂದ. ಮೋಡದ ನೆತ್ತಿ ಎಷ್ಟು ತಣ್ಣಗಿದೆ ಎಂಬುದರಿಂದ ಮಳೆಯ ಬಿರುಸನ್ನು ಊಹಿಸುವುದು ಒಂದು ಬಗೆ. 2014ರಲ್ಲಿ ಅಮೆರಿಕ, ಜಪಾನ್ ಸೇರಿ ಹಾರಿಸಿದ ಉಪಗ್ರಹದಲ್ಲಿ ರೇಡಾರೇ ಇದೆ. ಅದರದೂ ಬೇರೆ ಉಪಗ್ರಹಗಳದೂ ಲೆಕ್ಕ ಕೂಡಿಸಿ ಅರ್ಧ ಗಂಟೆಗೊಂದು ಅಂದಾಜು ಕೊಡುತ್ತಾರೆ. ಅದರ ಒಂದು ಚೌಕ ಹತ್ತು ಕಿಲೋಮೀಟರಿಗೂ ಹೆಚ್ಚು ಅಗಲ. ಅಷ್ಟರಲ್ಲಿ ನಮ್ಮಲ್ಲಿ ಮೂರ್ನಾಲ್ಕು ಊರು. ಇನ್ನೊಂದು ತೊಡಕು, ಇಲ್ಲಿನ ಒಣಗಾಳಿ. ಮೋಡದಿಂದ ಬಿಟ್ಟ ಹನಿ ನೆಲ ಮುಟ್ಟುವ ಮೊದಲೇ ಆರಿಹೋಗುವುದುಂಟು. ಅಂಥ ದಿನ ಮೇಲಿನ ಲೆಕ್ಕದಲ್ಲಿ ಮಳೆ, ಕೆಳಗೆ ಬರೀ ಗಾಳಿ. ಅಂದಾಜನ್ನು ತಿದ್ದಲು ನೆಲದ ಅಳತೆಯೇ ಬೇಕು.

ಇದು ಪಂಡಿತರ ಚರ್ಚೆ ಅಂತ ಬಿಡುವ ಹಾಗಿಲ್ಲ. ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರ ಗೊತ್ತಾಗುವುದು ಹೊಲ ನೋಡಿ ಅಲ್ಲ, ಗೊತ್ತುಪಡಿಸಿದ ಕೇಂದ್ರದ ಅಂಕಿ ನೋಡಿ. ಕೇಂದ್ರದ ಮೇಲೆ ಮಳೆ ಬಿದ್ದರೆ ದೂರದ ಒಣ ಹೊಲಕ್ಕೂ ಮಳೆಯಾದಂತೆ.

1953ರಲ್ಲಿ ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಹೋಯಿತು, ಮೋಡಗಳು ಹೋಗಲಿಲ್ಲ. ಗಡಿಯಾಚೆ ಕರ್ನಾಟಕ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಾಪಕ ನಿಲ್ಲಿಸಿದೆ. 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುವ ಏರ್ಪಾಡು ಅದು. ಮೊಳಕಾಲ್ಮೂರಿನ ಕಡೆಯ ಮಾಪಕ ನಮ್ಮ ಹೊಲಕ್ಕೆ ಹತ್ತಿರವಿದ್ದರೆ ಅದರ ಅಂಕಿಯನ್ನು ಇಲ್ಲಿಯೂ ಪರಿಗಣಿಸಲಿ. ಎರಡೂ ಸರಕಾರಗಳು ಕೂತು ಮಾತಾಡಿದರೆ ಆಗುವ ಕೆಲಸ, ಕಾವೇರಿ ಕೃಷ್ಣೆಯಷ್ಟು ಜಗಳವೂ ಇದರಲ್ಲಿಲ್ಲ.

ಅಲ್ಲಿಯವರೆಗೆ ಊರಿನ ಶಾಲೆಗಳು ಈ ಕೆಲಸ ಹಿಡಿಯಬಹುದು. ಬಾಯಿ, ತಳ ಒಂದೇ ಅಗಲವಿರುವ ಡಬ್ಬವನ್ನು ಮರ, ಸೂರಿನಿಂದ ದೂರ ಬಯಲಲ್ಲಿಟ್ಟು, ನಿಂತ ನೀರಿಗೆ ಅಳತೆಪಟ್ಟಿ ಇಳಿಸಿದರೆ ಮಿಲಿಮೀಟರ್ ಸಿಗುತ್ತದೆ. ಡಬ್ಬ ದೊಡ್ಡದೋ ಸಣ್ಣದೋ ಲೆಕ್ಕ ಒಂದೇ. ಪಕ್ಕದಲ್ಲಿ ಮಳೆ ಶುರುವಾದ ಹೊತ್ತು, ನಿಂತ ಹೊತ್ತು ಬರೆಯಬೇಕು. ಈ ಪುಸ್ತಕವನ್ನು ಕೃಷಿ ಇಲಾಖೆಯವರು ತಿಂಗಳಿಗೊಮ್ಮೆ ನೋಡಿ ರುಜು ಹಾಕಲಿ. ಪರಿಹಾರದ ತಕರಾರು ಬಂದಾಗ ಅದನ್ನೂ ಸಾಕ್ಷಿಯಾಗಿ ಒಪ್ಪಲಿ.